ಹೆಸರನ್ನು ಪ್ರಶ್ನಿಸುವ ವಿದ್ಯೆ

ಒಂದು ವಿದ್ಯಾಸಂಸ್ಥೆಯ ಆಸ್ತಿ ಯಾವುದೆಂದು ಕೇಳಿದರೆ ಕಟ್ಟಡ, ನಿವೇಶನ, ಗ್ರಂಥಾಲಯ, ಪ್ರಯೋಗಶಾಲೆಗಳನ್ನು ಎಣಿಸುವುದು ವಾಡಿಕೆ. ಆದರೆ ಇವೆಲ್ಲವನ್ನೂ ತಂದುಕೊಟ್ಟ ಮೂಲಧನವೆಂದರೆ ಸಂಸ್ಥೆಯ ಹೆಸರು. ಆ ಹೆಸರನ್ನು ನಂಬಿ ಪಾಲಕರು ಮಕ್ಕಳನ್ನು ಕಳುಹಿಸುತ್ತಾರೆ. ಆ ಹೆಸರನ್ನು ನಂಬಿ ದಾನಿಗಳು ತಮ್ಮ ದುಡಿಮೆಯ ಒಂದು ಪಾಲನ್ನು ತೆಗೆದಿಡುತ್ತಾರೆ. ದೂರದೂರುಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ಆ ಹೆಸರು ಕಿವಿಗೆ ಬಿದ್ದೊಡನೆ ಕೈ ಮುಂದೆ ಮಾಡುತ್ತಾರೆ. ಹಿಂದೆ ಈ ನಂಬಿಕೆಗೆ ಮುಖಪರಿಚಯದ ಆಧಾರವಿತ್ತು. ದೇಣಿಗೆ ಕೇಳಲು ಬಂದವರು ಊರಿನ ಗುರುತಿನವರು. ಕೈಯಲ್ಲಿ ಪಾವತಿ ಪುಸ್ತಕ. ಪಾವತಿಯ ಮೇಲೆ ಸಂಸ್ಥೆಯ ಮುದ್ರೆ. ಇಂದು ಆ ಸ್ಥಾನಕ್ಕೆ ಮೊಬೈಲ್ ಫೋನಿನ ಮೇಲೆ ಮೂಡುವ ಒಂದು ಸಾಲಿನ ವಿಳಾಸ ಬಂದಿದೆ. ಆ ಸಾಲು ನಿಜವಾಗಿಯೂ ಯಾರದು ಎಂದು ವಿಚಾರಿಸುವ ಅಭ್ಯಾಸ ಮಾತ್ರ ನಮ್ಮಲ್ಲಿನ್ನೂ ಬೆಳೆದಿಲ್ಲ.

ಹೀಗೆ ವಿಚಾರಿಸುವುದಕ್ಕೆ ಒಂದು ಸರಳ ಸಾಧನವಿದೆ. ಅದನ್ನು ಪ್ರೌಢಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಗೂ, ಅದಕ್ಕೂ ಮೊದಲು ನಮ್ಮ ಅಧ್ಯಾಪಕ ವೃಂದಕ್ಕೂ ಕಲಿಸಬೇಕೆಂಬುದು ಈ ಲೇಖನದ ಪ್ರತಿಪಾದನೆ. ಇದು ಎಂಜಿನಿಯರರಿಗೆ ಬಿಟ್ಟ ವಿಷಯವೆಂದು ಪುಟ ತಿರುವದಿರುವಂತೆ ವಾಚಕ ಮಹಾಶಯರಲ್ಲಿ ವಿನಂತಿ.

ಮೊದಲು ವ್ಯವಸ್ಥೆಯ ಸ್ವರೂಪವನ್ನು ನೋಡೋಣ. ಅಂತರ್ಜಾಲದಲ್ಲಿ ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯೆಯ ವಿಳಾಸವಿರುತ್ತದೆ. ಯಂತ್ರಗಳಿಗೆ ಬೇಕಾದುದು ಆ ಸಂಖ್ಯೆ. ಮನುಷ್ಯರ ನೆನಪಿನಲ್ಲಿ ಉಳಿಯುವುದು ಹೆಸರು. ಹೆಸರು ಕೊಟ್ಟರೆ ಸಂಖ್ಯೆಯನ್ನು ತಿಳಿಸುವ ವ್ಯವಸ್ಥೆಗೆ ಡೊಮೇನ್ ನೇಮ್ ಸಿಸ್ಟಮ್ ಎಂದು ಹೆಸರು. ಆರಂಭದ ದಿನಗಳಲ್ಲಿ ಅಮೇರಿಕೆಯ ಕ್ಯಾಲಿಫೋರ್ನಿಯದ ಒಂದು ಸಂಶೋಧನ ಸಂಸ್ಥೆಯಲ್ಲಿ ಎಲ್ಲ ಯಂತ್ರಗಳ ಹೆಸರನ್ನೂ ಒಂದೇ ಪಟ್ಟಿಯಲ್ಲಿ ಬರೆದಿಡುತ್ತಿದ್ದರು. ಉಳಿದವರು ಆ ಪಟ್ಟಿಯ ಪ್ರತಿಯನ್ನು ತರಿಸಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಒಂದು ಪಟ್ಟಿ, ಒಂದು ಕಚೇರಿ ಸಾಲದೆ ಹೋಯಿತು. ಆಗ, ೧೯೮೩ರಲ್ಲಿ, ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿ ಹೆಸರುಗಳ ಹೊಣೆಯನ್ನು ಹಲವರಿಗೆ ಹಂಚಿಕೊಡುವ ಯೋಜನೆಯನ್ನು ರೂಪಿಸಿದರು. ಇಂದಿಗೂ ನಡೆಯುತ್ತಿರುವುದು ಅದೇ ಯೋಜನೆ.

ಈ ಹಂಚಿಕೆಯನ್ನು ತಿಳಿಯಲು ನಮ್ಮ ಅಂಚೆಯ ಲಕೋಟೆಯನ್ನು ನೆನೆದರೆ ಸಾಕು. ಲಕೋಟೆಯ ಮೇಲೆ ಮೊದಲು ವ್ಯಕ್ತಿಯ ಹೆಸರು, ಕೆಳಗೆ ಕುಸನೂರ, ಅದರ ಕೆಳಗೆ ಕಲಬುರಗಿ, ಕೊನೆಗೆ ಕರ್ನಾಟಕ ಎಂದು ಬರೆಯುತ್ತೇವೆ. ಆದರೆ ಅಂಚೆಯವರು ಅದನ್ನು ವಿಂಗಡಿಸುವುದು ಕೆಳಗಿನಿಂದ ಮೇಲಕ್ಕೆ. ರಾಜ್ಯ ಗೊತ್ತಾದ ಮೇಲೆ ಜಿಲ್ಲೆ, ಜಿಲ್ಲೆಯ ನಂತರ ಊರು, ಊರು ತಲುಪಿದ ಮೇಲೆ ಮನೆ. ದೆಹಲಿಯ ಅಂಚೆ ಕಚೇರಿಗೆ ಕುಸನೂರಿನ ಓಣಿಗಳು ಗೊತ್ತಿರಬೇಕಾದ ಅಗತ್ಯವಿಲ್ಲ. ಕಲಬುರಗಿಗೆ ಕಳುಹಿಸಬೇಕೆಂಬುದು ಗೊತ್ತಿದ್ದರೆ ಸಾಕು. ಡೊಮೇನ್ ಹೆಸರನ್ನೂ ಹೀಗೆಯೇ ಬಲದಿಂದ ಎಡಕ್ಕೆ ಓದಬೇಕು. ಕರ್ನಾಟಕ ಸರ್ಕಾರದ ಜಾಲತಾಣದ ಹೆಸರು ‘ಕರ್ನಾಟಕ ಡಾಟ್ ಗೌ ಡಾಟ್ ಇನ್’. ಇದನ್ನು ಹುಡುಕುವ ಯಂತ್ರ ಮೊದಲು ಮೂಲಸ್ಥಾನದ ಸರ್ವರುಗಳನ್ನು ಕೇಳುತ್ತದೆ. ರೋಮನ್ ಲಿಪಿಯ ಎ-ಯಿಂದ ಎಂ-ವರೆಗಿನ ಅಕ್ಷರಗಳಿಂದ ಕರೆಯಲಾಗುವ ಇಂಥ ೧೩ ಹೆಸರುಗಳಿವೆ. ಅವುಗಳ ಪ್ರತಿರೂಪಗಳು ಜಗತ್ತಿನ ನಾನಾ ಕಡೆ ಇವೆ. ಅವು ‘ಇನ್’ ಎಂಬುದನ್ನು ನೋಡುವವರು ಯಾರೆಂದು ತೋರಿಸುತ್ತವೆ. ಅವರು ‘ಗೌ’ ಎಂಬುದನ್ನು ನೋಡುವವರನ್ನು ತೋರಿಸುತ್ತಾರೆ. ಕೊನೆಗೆ ‘ಕರ್ನಾಟಕ’ದ ಸಂಖ್ಯೆ ದೊರೆಯುತ್ತದೆ. ಭಾರತಕ್ಕೆ ‘ಇನ್’ ಎಂಬ ಈ ತುದಿಹೆಸರು ದೊರೆತದ್ದು ೧೯೮೯ರಲ್ಲಿ. ೨೦೦೫ರಿಂದ ಅದನ್ನು ನಿಕ್ಸಿ ಎಂಬ ರಾಷ್ಟ್ರೀಯ ಸಂಸ್ಥೆ ನಿರ್ವಹಿಸುತ್ತಿದೆ.

ಬಲದಿಂದ ಎಡಕ್ಕೆ ಓದಬೇಕೆಂಬ ಈ ಒಂದು ಮಾತನ್ನು ಮನದಟ್ಟು ಮಾಡಿಕೊಂಡರೂ ಅರ್ಧ ರಕ್ಷಣೆ ದೊರೆತಂತೆಯೇ. ವಂಚಕನು ಪ್ರಸಿದ್ಧ ಬ್ಯಾಂಕಿನ ಅಥವಾ ಸರ್ಕಾರಿ ಇಲಾಖೆಯ ಹೆಸರನ್ನು ಎಡತುದಿಯಲ್ಲಿ ಇಡುತ್ತಾನೆ; ತನ್ನ ಸ್ವಂತ ಹೆಸರನ್ನು ಬಲಗಡೆ ಅಡಗಿಸುತ್ತಾನೆ. ಎಡದಿಂದ ಓದುವವನು ಮೊದಲ ಪದವನ್ನು ಕಂಡು ಸಮಾಧಾನಗೊಳ್ಳುತ್ತಾನೆ. ಲಕೋಟೆಯ ಮೇಲೆ ಜಿಲ್ಲಾಧಿಕಾರಿಗಳೆಂದು ಬರೆದು ಕೆಳಗೆ ಬೇರೆ ಊರಿನ ಯಾವುದೋ ಓಣಿಯ ವಿಳಾಸ ಹಾಕಿದರೆ ಪತ್ರ ಹೋಗುವುದು ಆ ಓಣಿಗೇ ಹೊರತು ಜಿಲ್ಲಾಧಿಕಾರಿಗಳಿಗಲ್ಲ.

ಇನ್ನು ಸಾಧನದ ಮಾತು. ವಿಂಡೋಸ್ ಕಂಪ್ಯೂಟರುಗಳಲ್ಲಿ ‘ಕಮಾಂಡ್ ಪ್ರಾಂಪ್ಟ್’ ಎಂಬ ಕಪ್ಪು ಕಿಟಕಿಯೊಂದಿದೆ. ಲಿನಕ್ಸ್‌ನಲ್ಲಿ ಅದಕ್ಕೆ ‘ಟರ್ಮಿನಲ್’ ಎನ್ನುತ್ತಾರೆ. ಅಲ್ಲಿ ಚಿತ್ರಗಳಿಲ್ಲ, ಗುಂಡಿಗಳಿಲ್ಲ. ಒಂದು ಸಾಲು ಬರೆದರೆ ಉತ್ತರ ಬರುತ್ತದೆ. ವಿಂಡೋಸ್‌ನಲ್ಲಿ ‘ಎನ್‌ಎಸ್‌ಲುಕಪ್’ ಎಂದು ಬರೆದು, ಒಂದು ತೆರಪು ಬಿಟ್ಟು, ಡೊಮೇನ್ ಹೆಸರನ್ನು ಬರೆಯಬೇಕು. ಲಿನಕ್ಸ್‌ನಲ್ಲಿ ಅದೇ ಕೆಲಸಕ್ಕೆ ‘ಡಿಗ್’ ಎಂಬ ಇನ್ನೂ ಸಮರ್ಥವಾದ ಸಾಧನವಿದೆ. ಡಿಗ್ ಎಂದರೆ ಅಗೆ ಎಂದರ್ಥ. ಹೆಸರಿನ ಬುಡವನ್ನು ಅಗೆದು ನೋಡುವುದೇ ಅದರ ಕಾಯಕ. ಇವೆರಡಕ್ಕೂ ಹಣ ಕೊಡಬೇಕಾಗಿಲ್ಲ. ಇವು ಕೇಳುತ್ತವೆಯೇ ಹೊರತು ಯಾವುದನ್ನೂ ಬದಲಿಸುವುದಿಲ್ಲ. ಆದುದರಿಂದ ಮಕ್ಕಳ ಕೈಗೆ ಕೊಡಲು ಅಂಜಬೇಕಾದ ಕಾರಣವಿಲ್ಲ. ಅಭ್ಯಾಸಕ್ಕೆಂದೇ ‘ಎಗ್ಸಾಂಪಲ್ ಡಾಟ್ ಕಾಂ’ ಎಂಬ ಹೆಸರನ್ನು ಯಾರಿಗೂ ಮಾರದೆ ಮೀಸಲಿಟ್ಟಿದ್ದಾರೆ. ಪಾಠವನ್ನು ಅದರಿಂದಲೇ ಪ್ರಾರಂಭಿಸಬಹುದು.

ಬರುವ ಉತ್ತರವನ್ನು ಓದುವುದರಲ್ಲಿಯೇ ನಿಜವಾದ ಶಿಕ್ಷಣವಿದೆ. ಡಿಗ್ ಮೊದಲು ಸ್ಥಿತಿಯನ್ನು ಹೇಳುತ್ತದೆ. ‘ನೋ ಎರರ್’ ಎಂದರೆ ಪ್ರಶ್ನೆಗೆ ತೊಡಕಿಲ್ಲದೆ ಉತ್ತರ ಬಂದಿದೆ. ‘ಎನ್‌ಎಕ್ಸ್‌ಡೊಮೇನ್’ ಎಂದರೆ ಅಂಥ ಹೆಸರೇ ಇಲ್ಲ. ನಂತರದ ಸಾಲಿನಲ್ಲಿ ಹೆಸರು, ಒಂದು ಅವಧಿ, ದಾಖಲೆಯ ಬಗೆ, ಕೊನೆಗೆ ಸಂಖ್ಯೆ. ಅವಧಿಯನ್ನು ಸೆಕೆಂಡುಗಳಲ್ಲಿ ಕೊಟ್ಟಿರುತ್ತದೆ. ೩೬೦೦ ಎಂದಿದ್ದರೆ ಒಂದು ಗಂಟೆ, ೮೬೪೦೦ ಎಂದಿದ್ದರೆ ಒಂದು ದಿನ ಈ ಉತ್ತರವನ್ನು ನೆನಪಿನಲ್ಲಿಟ್ಟುಕೊಳ್ಳಬಹುದೆಂದು ಅರ್ಥ. ‘ಎ’ ಎಂಬುದು ಯಂತ್ರದ ಸಂಖ್ಯೆ. ‘ಎಂಎಕ್ಸ್’ ಎಂದರೆ ಆ ಹೆಸರಿಗೆ ಬರುವ ಮಿಂಚಂಚೆಯನ್ನು ಪಡೆಯುವವರು. ‘ಎನ್‌ಎಸ್’ ಎಂದರೆ ಆ ಹೆಸರಿನ ವಿಷಯದಲ್ಲಿ ಅಧಿಕಾರದಿಂದ ಉತ್ತರಿಸಬಲ್ಲವರು. ‘ಟ್ರೇಸ್’ ಎಂಬ ಸೂಚನೆಯನ್ನು ಸೇರಿಸಿದರೆ ಮೂಲಸ್ಥಾನದಿಂದ ಕೊನೆಯವರೆಗಿನ ಸಂಪೂರ್ಣ ಪ್ರಯಾಣ ಹೆಜ್ಜೆ ಹೆಜ್ಜೆಯಾಗಿ ತೆರೆಯ ಮೇಲೆ ಇಳಿದು ಬರುತ್ತದೆ. ಕ್ರಮಾನುಗತ ವ್ಯವಸ್ಥೆ ಎಂಬುದನ್ನು ಕರಿಹಲಗೆಯ ಮೇಲೆ ಇದಕ್ಕಿಂತ ಚೆನ್ನಾಗಿ ತೋರಿಸಲಾಗದು.

ಎನ್‌ಎಸ್‌ಲುಕಪ್ ಕೊಡುವ ಉತ್ತರದಲ್ಲಿ ಅನೇಕ ಸಲ ‘ಅಧಿಕೃತವಲ್ಲದ ಉತ್ತರ’ ಎಂಬ ಮಾತು ಕಾಣಿಸುತ್ತದೆ. ಇದನ್ನು ಕಂಡು ಹೊಸಬರು ಗಾಬರಿಗೊಳ್ಳುವುದುಂಟು. ಅದರ ಅರ್ಥ ಉತ್ತರ ಸುಳ್ಳೆಂದಲ್ಲ. ಉತ್ತರಿಸಿದವನು ಮೂಲದವನಲ್ಲ, ಮೊದಲೊಮ್ಮೆ ಕೇಳಿ ನೆನಪಿಟ್ಟುಕೊಂಡವನು ಎಂದಷ್ಟೇ. ಕಂಡವನ ಮಾತು ಬೇರೆ, ಕಂಡವನಿಂದ ಕೇಳಿದವನ ಮಾತು ಬೇರೆ. ಇತಿಹಾಸದ ಅಧ್ಯಾಪಕರು ಶಾಸನಕ್ಕೂ ಐತಿಹ್ಯಕ್ಕೂ ಇರುವ ಅಂತರವನ್ನು ಹೇಳುವಾಗ ಮಾಡುವ ಪಾಠವೇ ಇದು. ಕೇಳಿದವನ ಮಾತಿನಿಂದ ತೃಪ್ತರಾಗದವರು ಮೂಲದವನನ್ನೇ ನೇರವಾಗಿ ಕೇಳುವುದಕ್ಕೂ ಈ ಸಾಧನದಲ್ಲಿ ಅವಕಾಶವಿದೆ. ಒಂದು ಯಂತ್ರವೇ ತನ್ನ ಸಾಕ್ಷ್ಯ ಯಾವ ದರ್ಜೆಯದೆಂದು ಪ್ರಾಮಾಣಿಕವಾಗಿ ಹೇಳುತ್ತಿರುವಾಗ ಅದನ್ನು ಗಮನಿಸದೆ ಬಿಡುವುದು ಶಿಕ್ಷಣವಂತರಿಗೆ ತಕ್ಕುದಲ್ಲ.

ಹೆಸರಿನ ವಿಷಯ ನಮ್ಮ ಜಿಲ್ಲೆಯವರಿಗೆ ಹೊಸದೇನೂ ಅಲ್ಲ. ೨೦೧೪ರ ನವೆಂಬರ್ ೧ರಂದು ರಾಜ್ಯದ ೧೨ ನಗರಗಳ ಹೆಸರುಗಳನ್ನು ಕನ್ನಡದ ಉಚ್ಚಾರಕ್ಕೆ ಹೊಂದಿಸಿದಾಗ ಗುಲಬರ್ಗಾ ಎಂಬುದು ಕಲಬುರಗಿಯಾಯಿತು. ಜನರ ಬಾಯಲ್ಲಿ ಹೆಸರು ಬೇಗನೆ ಬದಲಾಯಿತು. ದಾಖಲೆಗಳಲ್ಲಿ ಅದು ಹಾಗೆ ಬದಲಾಗುವುದಿಲ್ಲ. ೨೦೧೯ರಲ್ಲಿ ಪ್ರಾರಂಭವಾದ ನಮ್ಮ ವಿಮಾನ ನಿಲ್ದಾಣದ ಅಂತರರಾಷ್ಟ್ರೀಯ ಸಂಕೇತ ಇಂದಿಗೂ ‘ಜಿ ಬಿ ಐ’. ಹಳೆಯ ಹೆಸರಿನ ಮೊದಲಕ್ಷರ ಅದರಲ್ಲಿ ಉಳಿದಿದೆ. ೧೯೮೦ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯ ಗುಲಬರ್ಗಾ ಎಂಬ ಹೆಸರನ್ನೇ ಇರಿಸಿಕೊಂಡಿದೆ. ಅದರ ಡೊಮೇನ್ ‘ಜಿ ಯು ಜಿ ಡಾಟ್ ಎಸಿ ಡಾಟ್ ಇನ್’. ಜಿಲ್ಲಾಡಳಿತದ ತಾಣ ಕಲಬುರಗಿ ಎಂಬ ಹೆಸರಿನಲ್ಲಿದೆ. ಒಂದೇ ನೆಲದ ಸಂಸ್ಥೆಗಳು ಎರಡು ಹೆಸರುಗಳಲ್ಲಿ ಬಾಳುತ್ತಿರುವಾಗ ಹೊರಗಿನವನು ಯಾವುದು ಅಸಲು, ಯಾವುದು ನಕಲೆಂದು ಊಹೆಯಿಂದ ಹೇಳಲಾರ, ಕೇಳಿಯೇ ತಿಳಿಯಬೇಕು.

ಕುಸನೂರ ಎಂಬ ಹೆಸರನ್ನೇ ತೆಗೆದುಕೊಳ್ಳಿರಿ. ಕನ್ನಡದಲ್ಲಿ ಅದನ್ನು ಬರೆಯುವಲ್ಲಿ ಗೊಂದಲವಿಲ್ಲ. ರೋಮನ್ ಲಿಪಿಗೆ ಇಳಿಸಿದೊಡನೆ ಕೊನೆಯ ದೀರ್ಘಕ್ಕೆ ಒಬ್ಬರು ಎರಡು ಓ ಬರೆಯುತ್ತಾರೆ, ಇನ್ನೊಬ್ಬರು ಒಂದು ಯು ಬರೆಯುತ್ತಾರೆ. ನಡುವೆ ಎ ಸೇರಿಸುವವರೂ ಉಂಟು, ಬಿಡುವವರೂ ಉಂಟು. ಓದುವ ನಮಗೆ ಇವೆಲ್ಲ ಒಂದೇ ಊರು. ಯಂತ್ರಕ್ಕೆ ಇವು ಪರಸ್ಪರ ಸಂಬಂಧವಿಲ್ಲದ ಬೇರೆ ಬೇರೆ ಹೆಸರುಗಳು. ಪ್ರತಿಯೊಂದನ್ನೂ ಬೇರೊಬ್ಬನು ಕೊಂಡುಕೊಳ್ಳಬಹುದು. ನಮ್ಮ ಊರಿನ ಹೆಸರನ್ನೋ ಸಂಸ್ಥೆಯ ಹೆಸರನ್ನೋ ಹೊತ್ತ ಒಂದು ವಿಳಾಸ ಕಂಡರೆ ಅದು ನಮ್ಮದೇ ಎಂದು ತಿಳಿಯಲು ಆಧಾರವಿಲ್ಲ ಎಂಬುದನ್ನು ದಾನಿಗಳು ದಯವಿಟ್ಟು ಗಮನಿಸಬೇಕು. ೨೦೨೦ರ ಮಾರ್ಚ್ ತಿಂಗಳಲ್ಲಿ ಪಿಎಂ ಕೇರ್ಸ್ ನಿಧಿ ಆರಂಭವಾದೊಡನೆ ಅದರ ಯುಪಿಐ ವಿಳಾಸದಿಂದ ಕೊನೆಯ ಒಂದಕ್ಷರವನ್ನು ಬಿಟ್ಟ ನಕಲಿ ವಿಳಾಸವೊಂದು ಹರಿದಾಡಿತು. ದೆಹಲಿಯ ಪೊಲೀಸರು ಎಚ್ಚರಿಕೆ ಕೊಡಬೇಕಾಯಿತು. ಯುಪಿಐ ವಿಳಾಸ ಡೊಮೇನ್ ಹೆಸರಲ್ಲವಾದರೂ ಮೋಸದ ಬಗೆ ಒಂದೇ: ಒಂದಕ್ಷರದ ಅಂತರ, ಕೊಡುವವನ ಆತುರ.

ಹಾಗಾದರೆ ಎಲ್ಲವನ್ನೂ ಕನ್ನಡ ಲಿಪಿಯಲ್ಲಿಯೇ ಬರೆದರಾಯಿತಲ್ಲ ಎಂದು ಕನ್ನಡಾಭಿಮಾನಿಗಳು ಹೇಳಬಹುದು. ಅದು ಈಗ ಸಾಧ್ಯವೂ ಆಗಿದೆ. ಕನ್ನಡ ಲಿಪಿಯಲ್ಲಿಯೇ ‘ಭಾರತ’ ಎಂಬ ತುದಿಹೆಸರು ಅಂತರ್ಜಾಲದ ಮೂಲಪಟ್ಟಿಯಲ್ಲಿ ಸೇರಿದೆ. ನಮ್ಮ ನುಡಿಗೆ ದೊರೆತ ಈ ಸ್ಥಾನ ಸಂತೋಷದ ಸಂಗತಿ. ಆದರೆ ಯಂತ್ರಗಳ ಒಳಗಿನ ವ್ಯವಹಾರ ಇನ್ನೂ ರೋಮನ್ ಅಕ್ಷರ ಮತ್ತು ಅಂಕಿಗಳಲ್ಲಿಯೇ ನಡೆಯುವುದರಿಂದ ‘ಭಾರತ’ ಎಂಬುದು ಅಲ್ಲಿ ‘ಎಕ್ಸ್ ಎನ್’ ಎಂಬ ಅಕ್ಷರಗಳು, ಎರಡು ಅಡ್ಡಗೆರೆ, ಬಳಿಕ ‘೨ ಎಸ್ ಸಿ ಆರ್ ಜೆ ೯ ಸಿ’ ಎಂಬ ರೂಪವನ್ನು ತಾಳುತ್ತದೆ. ಈ ಗುಪ್ತರೂಪವನ್ನು ಕೊಟ್ಟು ಡಿಗ್‌ನಿಂದ ಪ್ರಶ್ನಿಸಿದರೆ ನಮ್ಮ ಲಿಪಿಯ ಹೆಸರನ್ನು ನೋಡಿಕೊಳ್ಳುವ ಸರ್ವರುಗಳ ಪಟ್ಟಿ ಬರುತ್ತದೆ. ಕನ್ನಡದ ಒಂದು ಪದ ಜಗತ್ತಿನ ಹೆಸರುಗಳ ಮೂಲದಲ್ಲಿ ನಿಂತಿರುವುದನ್ನು ಮಕ್ಕಳು ತಮ್ಮ ಕಣ್ಣಿನಿಂದಲೇ ನೋಡಬಹುದು.

ಲಿಪಿ ನಮ್ಮದಾದ ಮಾತ್ರಕ್ಕೆ ಎಚ್ಚರಿಕೆ ಬೇಡವೆಂದಲ್ಲ. ನಮ್ಮ ಜಿಲ್ಲೆ ತೆಲಂಗಾಣದ ಗಡಿಗೆ ತಗುಲಿದೆ. ಸೇಡಂ, ಚಿಂಚೋಳಿಗಳ ಕಡೆ ಕನ್ನಡ ತೆಲುಗುಗಳೆರಡೂ ಕಣ್ಣಿಗೆ ಬೀಳುತ್ತವೆ. ರ, ಲ, ಜ ಮೊದಲಾದ ಅಕ್ಷರಗಳು ಎರಡು ಲಿಪಿಗಳಲ್ಲಿಯೂ ಹೆಚ್ಚು ಕಡಿಮೆ ಒಂದೇ ಆಕಾರದವು. ಯಂತ್ರಕ್ಕಾದರೋ ಕನ್ನಡದ ರಕಾರ ಯೂನಿಕೋಡ್ ಪಟ್ಟಿಯಲ್ಲಿ ೩೨೪೮ನೆಯ ಸಂಖ್ಯೆ, ತೆಲುಗಿನ ರಕಾರ ೩೧೨೦ನೆಯ ಸಂಖ್ಯೆ. ಕಣ್ಣಿಗೆ ಒಂದು, ಯಂತ್ರಕ್ಕೆ ಎರಡು. ಈ ಹೋಲಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಮೂಲಪಟ್ಟಿಗೆ ಸಂಬಂಧಿಸಿದ ಕನ್ನಡ ಲಿಪಿಯ ನಿಯಮಾವಳಿಯನ್ನು ೨೦೧೯ರಲ್ಲಿ ಸಿದ್ಧಪಡಿಸಲಾಯಿತು. ಭಾಷಾಧ್ಯಾಪಕರಿಗೂ ಈ ವಿದ್ಯೆಯಲ್ಲಿ ಪಾಲುಂಟೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ನ್ಯಾಯವಾಗಿ ಎದುರಿಸಬೇಕು. ಡಿಗ್ ಕೊಡುವ ಸಂಖ್ಯೆಯನ್ನು ನೋಡಿದ ಮಾತ್ರಕ್ಕೆ ವಿಳಾಸದ ಒಡೆಯನು ಸಜ್ಜನನೋ ದುರ್ಜನನೋ ಗೊತ್ತಾಗುವುದಿಲ್ಲವಲ್ಲ? ನಿಜ, ಗೊತ್ತಾಗುವುದಿಲ್ಲ. ಪ್ರಾಮಾಣಿಕತೆಯನ್ನು ಅಳೆಯುವ ಯಂತ್ರವಿಲ್ಲ. ವಿಳಾಸದ ಪಕ್ಕದಲ್ಲಿ ಕಾಣುವ ಬೀಗದ ಚಿಹ್ನೆಯೂ ಅದನ್ನು ಹೇಳುವುದಿಲ್ಲ. ನಡುವೆ ಯಾರೂ ಕದ್ದು ಓದಲಾರರೆಂದಷ್ಟೇ ಅದರ ಭರವಸೆ. ಆದರೆ ‘ಹೂ ಈಸ್’ ಎಂಬ ಇನ್ನೊಂದು ಸಾಧನವನ್ನು, ಅಥವಾ ಈಗ ಅದರ ಸ್ಥಾನಕ್ಕೆ ಬರುತ್ತಿರುವ ಆರ್‌ಡಿಎಪಿ ಎಂಬುದನ್ನು ಬಳಸಿದರೆ ಹೆಸರು ಯಾವಾಗ ನೋಂದಣಿಯಾಯಿತು, ಯಾರ ಮೂಲಕ, ಯಾವಾಗ ಮುಗಿಯುತ್ತದೆ ಎಂಬುದು ತಿಳಿಯುತ್ತದೆ. ಒಡೆಯನ ಹೆಸರು ಬಹಳಷ್ಟು ಸಲ ಮರೆಯಾಗಿರುತ್ತದೆ, ದಿನಾಂಕ ಕಾಣಿಸುತ್ತದೆ. ಅರ್ಧ ಶತಮಾನದ ಸಂಸ್ಥೆಯ ಪರವಾಗಿ ಹಣ ಕೇಳುವ ವಿಳಾಸ ಕಳೆದ ವಾರ ಹುಟ್ಟಿದ್ದೆಂದು ಕಂಡುಬಂದರೆ ವಿವೇಕಿಯು ಒಂದು ಗಳಿಗೆ ನಿಲ್ಲುತ್ತಾನೆ. ತನಗೆ ಮೊದಲೇ ಗೊತ್ತಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಕಚೇರಿಯನ್ನು ವಿಚಾರಿಸುತ್ತಾನೆ. ಆ ಒಂದು ಗಳಿಗೆಯನ್ನು ಗಳಿಸಿಕೊಡುವುದೇ ಈ ವಿದ್ಯೆಯ ಪ್ರಯೋಜನ. ಹಣ ಕಳೆದುಕೊಂಡ ಮೇಲೆ ೧೯೩೦ ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕೂಡಲೇ ತಿಳಿಸಬಹುದು, ತಿಳಿಸಲೇಬೇಕು. ಆದರೂ ಕಳೆದುಕೊಳ್ಳುವ ಮುನ್ನ ಕೇಳುವುದು ಲೇಸು. ರಿಜರ್ವ್ ಬ್ಯಾಂಕು ೨೦೨೫ರಲ್ಲಿ ದೇಶದ ಬ್ಯಾಂಕುಗಳೆಲ್ಲ ‘ಬ್ಯಾಂಕ್ ಡಾಟ್ ಇನ್’ ಎಂಬ ಮೀಸಲು ಹೆಸರಿಗೆ ಅದೇ ವರ್ಷದ ಅಕ್ಟೋಬರ್ ೩೧ರ ಒಳಗೆ ಬರಬೇಕೆಂದು ವಿಧಿಸಿದ್ದು ಇದೇ ಕಾರಣಕ್ಕೆ. ಹೆಸರಿನ ಬಲತುದಿ ಭದ್ರವಾದರೆ ಜನರ ಕೆಲಸ ಸುಲಭವಾಗುತ್ತದೆ. ಆದರೆ ಬಲತುದಿಯನ್ನು ನೋಡಲು ಕಲಿಯದ ಜನರಿಗೆ ಆ ಭದ್ರತೆಯೂ ನಿರುಪಯೋಗಿ.

ಕಲಿಸುವವರು ತಮ್ಮ ಮನೆಯನ್ನು ಮೊದಲು ನೋಡಿಕೊಳ್ಳಬೇಕಷ್ಟೆ. ಅನೇಕ ಸಂಸ್ಥೆಗಳಲ್ಲಿ ಜಾಲತಾಣ ಮಾಡಿಕೊಟ್ಟ ಗುತ್ತಿಗೆದಾರನೋ ಉತ್ಸಾಹಿ ತರುಣನೋ ಡೊಮೇನ್ ಹೆಸರನ್ನು ತನ್ನ ಹೆಸರಿನಲ್ಲಿಯೇ, ತನ್ನ ಸ್ವಂತ ಮಿಂಚಂಚೆಯಿಂದಲೇ ನೋಂದಾಯಿಸಿರುತ್ತಾನೆ. ಇದರಲ್ಲಿ ಕಪಟವಿರಬೇಕೆಂದಿಲ್ಲ, ಯಾರೂ ಕೇಳಲಿಲ್ಲ, ಆದುದರಿಂದ ಹಾಗಾಯಿತು. ಅವನು ಊರು ಬಿಟ್ಟರೆ ನವೀಕರಣದ ಸೂಚನೆ ಅವನಿಗೆ ಹೋಗುತ್ತದೆ. ಸಂಸ್ಥೆಗೆ ತಿಳಿಯುವುದು ಹೆಸರು ಕೈತಪ್ಪಿದ ಮೇಲೆ. ಜಗದ್ವಿಖ್ಯಾತ ಮೈಕ್ರೋಸಾಫ್ಟ್ ಸಂಸ್ಥೆಯೇ ೧೯೯೯ರ ಡಿಸೆಂಬರಿನಲ್ಲಿ ತನ್ನ ಒಂದು ಮುಖ್ಯ ಹೆಸರಿನ ನವೀಕರಣವನ್ನು ಮರೆತು, ಅದರ ಹಾಟ್‌ಮೇಲ್ ಸೇವೆಗೆ ತೊಡಕುಂಟಾದಾಗ, ಹೊರಗಿನ ಪ್ರೋಗ್ರಾಮರನೊಬ್ಬ ೩೫ ಡಾಲರ್ ತೆತ್ತು ಅದನ್ನು ಉಳಿಸಿಕೊಟ್ಟ ಪ್ರಸಂಗ ಪ್ರಸಿದ್ಧವಾಗಿದೆ. ಎಲ್ಲರಿಗೂ ಅಂಥ ಸಜ್ಜನ ದೊರೆಯುತ್ತಾನೆಂದು ನಂಬಿ ಕೂರಲಾಗದು. ಕೈಬಿಟ್ಟ ಹೆಸರನ್ನು ಬೇರೆಯವನು ಕೊಂಡರೆ ನಮ್ಮ ಹಳೆಯ ಪತ್ರಗಳಲ್ಲಿ, ಆಮಂತ್ರಣಗಳಲ್ಲಿ, ಇಂಥ ಸ್ಮರಣ ಸಂಚಿಕೆಗಳಲ್ಲಿ ಅಚ್ಚಾದ ವಿಳಾಸವೆಲ್ಲ ಅಂದಿನಿಂದ ಅವನ ಬಾಗಿಲನ್ನು ತೋರಿಸುತ್ತದೆ. ಅಚ್ಚಾದ ಪುಸ್ತಕವನ್ನು ತಿದ್ದುವವರು ಯಾರು?

ಆದುದರಿಂದ ಆಡಳಿತ ಮಂಡಳಿಗಳು ಮಾಡಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಒಂದನೆಯದು, ಡೊಮೇನ್ ಹೆಸರು ವ್ಯಕ್ತಿಯದಲ್ಲದೆ ಸಂಸ್ಥೆಯದೇ ಆಗಿರಬೇಕು. ನಿವೇಶನದ ಕಾಗದಪತ್ರಗಳನ್ನಿಡುವ ಕಪಾಟಿನಲ್ಲಿ ಅದರ ದಾಖಲೆಯೂ ಇರಬೇಕು. ಎರಡನೆಯದು, ನವೀಕರಣದ ದಿನಾಂಕವನ್ನು ಕಟ್ಟಡದ ತೆರಿಗೆಯ ದಿನಾಂಕದಂತೆ ಕಚೇರಿಯ ದಫ್ತರದಲ್ಲಿ ಬರೆದು, ಇಬ್ಬರಿಗೆ ಹೊಣೆ ವಹಿಸಬೇಕು. ಮೂರನೆಯದು, ಶಿಕ್ಷಣ ಸಂಸ್ಥೆಗಳಿಗೆ ಮೀಸಲಾದ ‘ಎಡು ಡಾಟ್ ಇನ್’ ಎಂಬ ತುದಿಹೆಸರಿಗೆ ಪ್ರಯತ್ನಿಸಬೇಕು. ಅರ್ನೆಟ್ ಇಂಡಿಯಾ ಸಂಸ್ಥೆ ದಾಖಲೆಗಳನ್ನು ಪರಿಶೀಲಿಸಿಯೇ ಅದನ್ನು ಕೊಡುವುದರಿಂದ ಕಂಡಕಂಡವರು ಅದನ್ನು ಕೊಳ್ಳಲಾಗದು. ನಾಲ್ಕನೆಯದು, ದೇಣಿಗೆಯ ಪ್ರತಿಯೊಂದು ಪಾವತಿಯ ಮೇಲೂ ಸಂಸ್ಥೆಯ ಏಕೈಕ ಅಧಿಕೃತ ವಿಳಾಸವನ್ನು ಅಚ್ಚು ಹಾಕಿಸಬೇಕು. ಇದಕ್ಕೆಲ್ಲ ಆಗುವ ವೆಚ್ಚ ಒಂದು ವಾರ್ಷಿಕೋತ್ಸವದ ಮಂಟಪದ ಖರ್ಚಿನ ಸಣ್ಣ ಅಂಶವೂ ಆಗಲಾರದು.

ಶಾಲೆಯಲ್ಲಿ ಇದಕ್ಕಾಗಿ ಹೊಸ ವಿಷಯವನ್ನು ತೆರೆಯಬೇಕಾಗಿಲ್ಲ. ಎಂಟು, ಒಂಬತ್ತನೆಯ ತರಗತಿಗಳಿಗೆ ವರ್ಷದಲ್ಲಿ ನಾಲ್ಕು ತಾಸು ಸಾಕು. ಮೊದಲ ತಾಸಿನಲ್ಲಿ ಬಲದಿಂದ ಎಡಕ್ಕೆ ಓದುವ ಅಭ್ಯಾಸ. ಎರಡನೆಯದರಲ್ಲಿ ಪ್ರಶ್ನೆ ಕೇಳಿ ಉತ್ತರವನ್ನು ನೋಟುಬುಕ್ಕಿನಲ್ಲಿ ಬರೆಯುವುದು. ಮೂರನೆಯದರಲ್ಲಿ ಹೆಸರುಗಳ ಹುಟ್ಟುದಿನಾಂಕವನ್ನು ತೆಗೆಯುವುದು. ನಾಲ್ಕನೆಯದರಲ್ಲಿ ಮನೆಯ ಹಿರಿಯರ ಫೋನಿಗೆ ಬಂದ ಸಂದೇಶಗಳ ವಿಳಾಸಗಳನ್ನು, ತೆರೆಯದೆಯೇ, ಪರಿಶೀಲಿಸುವುದು. ಈ ‘ತೆರೆಯದೆಯೇ’ ಎಂಬ ಮಾತು ಮುಖ್ಯವಾದುದು. ಬಾಗಿಲು ಬಡಿದವನು ಯಾರೆಂದು ಅಗಳಿ ತೆಗೆಯುವ ಮುನ್ನವೇ ಕೇಳುವ ಜಾಣ್ಮೆ ನಮ್ಮ ಹಳ್ಳಿಯ ಅಜ್ಜಿಯರಿಗೆ ಎಂದೋ ಗೊತ್ತಿತ್ತು. ಮೊಮ್ಮಕ್ಕಳು ಅದನ್ನು ಹೊಸ ಬಾಗಿಲಿನಲ್ಲಿ ಪ್ರಯೋಗಿಸಬೇಕಾಗಿದೆ.

ಕಂಪ್ಯೂಟರುಗಳನ್ನು ಕೊಡಿಸಿದ ದಾನಿಗಳ ಔದಾರ್ಯವನ್ನು ಕೊಂಡಾಡುವಾಗಲೇ ಒಂದು ಮಾತನ್ನು ಹೇಳಬೇಕು. ಯಂತ್ರ ಕೊಟ್ಟು ಪ್ರಶ್ನೆ ಕೇಳುವುದನ್ನು ಕಲಿಸದಿದ್ದರೆ ತೋರಿಸಿದ್ದನ್ನೆಲ್ಲ ನಂಬುವ ಒಂದು ಪೀಳಿಗೆಯನ್ನು ಬೆಳೆಸಿದಂತಾಗುತ್ತದೆ. ತಂತ್ರವನ್ನು ಬಲ್ಲ ಹಳೆಯ ವಿದ್ಯಾರ್ಥಿಗಳು ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ಇದ್ದಾರೆ. ಅವರು ರಜೆಯಲ್ಲಿ ಊರಿಗೆ ಬಂದಾಗ ಒಂದು ದಿನವನ್ನು ಶಾಲೆಗೆ ಕೊಟ್ಟು ಅಧ್ಯಾಪಕರೊಡನೆ ಕುಳಿತರೆ ಅದು ಯಾವ ದೇಣಿಗೆಗೂ ಕಡಿಮೆಯಾದುದಲ್ಲ. ಹೆಸರನ್ನು ಗಳಿಸಲು ಸಂಸ್ಥೆಗೆ ತಲೆಮಾರುಗಳು ಬೇಕಾದವು. ಅದನ್ನು ಕಾಯಲು ಒಂದು ಸಾಲಿನ ಪ್ರಶ್ನೆಯನ್ನು ಕಲಿಯಲು ನಾವು ಹಿಂದೆಗೆಯಬಾರದು.